ಮಜ್ಜೆ ಬದಲಾದ ಹುಡುಗಿಯ ಬಗ್ಗೆ ನಾನು ಕೊಟ್ಟ ತೀರ್ಪು

ಆರೋಗ್ಯ ಇಲಾಖೆಗೆ ಶಿಕ್ಷಣಾಧಿಕಾರಿಗಳಾಗಿ ಈಗ ಸೇರುತ್ತಿರುವ ತರುಣ ತರುಣಿಯರು ನಮ್ಮ ಕಾಲದ ಕೆಲಸ ಹೇಗಿತ್ತೆಂದು ಆಗಾಗ ನನ್ನನ್ನು ಕೇಳುವುದುಂಟು. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ನನ್ನ ಸೇವಾ ಪುಸ್ತಕ ಹೇಳುತ್ತದೆ. ಅದರಿಂದ ಅವರು ಕಲಿಯುವುದೇನೂ ಇಲ್ಲ. ಪುತ್ತೂರು, ಸುಳ್ಯದ ಸೀಮೆಯಲ್ಲಿ ಎಪ್ಪತ್ತು ಮತ್ತು ಎಂಬತ್ತರ ದಶಕಗಳನ್ನು ಕಳೆದ ನನ್ನಂಥವನ ಸ್ಥಿತಿ ವಿಚಿತ್ರವಾಗಿತ್ತು. ವೈದ್ಯರ ಕೈಯಲ್ಲಿ ಔಷಧವಿತ್ತು, ದಾದಿಯ ಕೈಯಲ್ಲಿ ಸೂಜಿಯಿತ್ತು. ನನ್ನ ಪಾಲಿಗೆ ಇದ್ದದ್ದು ಮಾತು. ಮಾತಿನಿಂದ ಜನರ ಆರೋಗ್ಯ ಸುಧಾರಿಸಬಹುದೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಅದೇ ಮಾತಿನಿಂದ ಒಂದು ಸಂಸಾರ ಒಡೆಯುವಷ್ಟರ ಮಟ್ಟಿಗೆ ಬಂದದ್ದನ್ನೂ ಕಂಡಿದ್ದೇನೆ. ಆ ಮಾತು ನನ್ನದೇ ಆಗಿದ್ದುದರಿಂದ ಅದನ್ನು ಬರೆದಿಡುವ ಹೊಣೆಯೂ ನನ್ನದೇ.

ಪುತ್ತೂರಿನಲ್ಲಿ ಕಾಲೇಜು ಓದುವಾಗ ನಾನು ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ವಿಷಯದ ಪರವಾಗಿಯಾದರೂ ಸರಿ, ವಿರೋಧವಾಗಿಯಾದರೂ ಸರಿ, ಏಳು ನಿಮಿಷ ತಡವರಿಸದೆ ವಾದಿಸಬಲ್ಲೆ ಎಂಬ ಹೆಮ್ಮೆಯಿತ್ತು. ಅಲ್ಲಿ ಎದುರಾಳಿ ಉತ್ತರಿಸದೆ ಬಿಟ್ಟ ಪ್ರತಿಯೊಂದು ಅಂಶವೂ ನಮ್ಮ ಗೆಲುವು. ‘ತಿಳಿಯದು’ ಎಂಬ ಉತ್ತರಕ್ಕೆ ಅಂಕವಿಲ್ಲ. ಈ ಅಭ್ಯಾಸವನ್ನು ನಾನು ನೌಕರಿಗೂ ಹೊತ್ತುಕೊಂಡು ಹೋದೆ. ಕಡಬದಲ್ಲಿ ನನ್ನ ಮೊದಲ ಸಭೆ. ಚಿಕ್ಕ ಸಂಸಾರದ ಸುಖವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದೆ. ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಮುದುಕಿ ಎದ್ದು ನಿಂತಳು.

“ಮಾತಾಡಿದ್ದು ಭಾರೀ ಚಂದ ಆಯ್ತು ಮಾಷ್ಟ್ರೆ. ಆದ್ರೆ ನಾವು ಎಂತ ಮಾಡಬೇಕು ಅಂತ ನೀವು ಹೇಳ್ಲೇ ಇಲ್ಲವಲ್ಲ?”

ಸಭೆ ನಕ್ಕಿತು. ನಾನೂ ನಕ್ಕೆ, ಆದರೆ ಕಲಿತದ್ದು ಅರ್ಧ ಪಾಠ ಮಾತ್ರ. ಮಾತು ಸರಳವಾಗಿರಬೇಕು, ಖಚಿತವಾಗಿರಬೇಕು ಎಂದುಕೊಂಡೆ. ಖಚಿತವಾಗಿರುವ ಮಾತು ಸರಿಯಾಗಿಯೂ ಇರಬೇಕೆಂಬ ಉಳಿದರ್ಧವನ್ನು ಕಲಿಯಲು ಮುಂದೆ ಹಲವು ವರ್ಷ ಬೇಕಾದವು.

ನಡುವೆ ಬಂದ ವರ್ಷಗಳು ನಮ್ಮ ಇಲಾಖೆಗೆ ಗೌರವ ತಂದವುಗಳಲ್ಲ. ಮೇಲಿನಿಂದ ಗುರಿ ಬರುತ್ತಿತ್ತು: ಇಷ್ಟು ಸಂತಾನಹರಣ ಶಸ್ತ್ರಚಿಕಿತ್ಸೆ, ಇಷ್ಟು ದಿನದೊಳಗೆ. ಅಂದಿನ ನನ್ನ ಮೇಲಧಿಕಾರಿಯೊಬ್ಬರು, “ನಿಮ್ಮ ಶಿಕ್ಷಣ ಆಮೇಲೆ ಇಟ್ಟುಕೊಳ್ಳಿ, ಮೊದಲು ಜನ ತನ್ನಿ” ಎಂದು ಮೇಜು ಗುದ್ದಿದ್ದರು. ಮೂರು ಮಕ್ಕಳ ತಂದೆಯೆಂದು ಯಾರೋ ಸುಳ್ಳು ಬರೆಸಿ ಕಳುಹಿಸಿದ್ದ ಒಬ್ಬ ಅವಿವಾಹಿತನನ್ನು ನಾನು ಜೀಪಿನಿಂದ ಇಳಿಸಿ ಮನೆಗೆ ಕಳುಹಿಸಿದೆ. ಅದಕ್ಕಾಗಿ ಲಿಖಿತ ವಿವರಣೆ ಕೊಡಬೇಕಾಯಿತು. ಕೊಟ್ಟೆ. ಆ ವಿವರಣೆಯ ಒಂದು ಅಕ್ಷರವನ್ನೂ ನಾನು ಈಗಲೂ ಬದಲಿಸಲಾರೆ.

ನನ್ನ ದಾಖಲೆಗಳಲ್ಲಿ ಸುಳ್ಳು ಇರಬಾರದೆಂದು ಆ ಅನುಭವದಿಂದ ನಾನು ಪಣ ತೊಟ್ಟೆ. ಪ್ರತಿ ಊರಿನಲ್ಲೂ ಮಕ್ಕಳಾಗುವ ವಯಸ್ಸಿನ ಗಂಡ ಹೆಂಡಿರ ಹೆಸರು ಬರೆದಿಡುವ ಒಂದು ಪುಸ್ತಕವಿರುತ್ತಿತ್ತು. ಅದಕ್ಕೆ ಅರ್ಹ ದಂಪತಿಗಳ ಪುಸ್ತಕವೆಂದು ಹೆಸರು. ಅದರಲ್ಲಿದ್ದ ಮನೆಗಳಿಗೆ ದಾದಿ ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಮುಟ್ಟು ನಿಂತಿದೆಯೇ, ಬಸುರಿಗೆ ಚುಚ್ಚುಮದ್ದು ಆಗಿದೆಯೇ ಎಂದು ವಿಚಾರಿಸುತ್ತಿದ್ದಳು. ಇತರ ಕಡೆ ಆ ಪುಸ್ತಕ ಕಚೇರಿಯಲ್ಲೇ ಕುಳಿತು ತುಂಬಿಸಿದ್ದಾಗಿರುತ್ತಿತ್ತು. ಸುಳ್ಯಕ್ಕೆ ವರ್ಗವಾದ ಮೇಲೆ ಗುತ್ತಿಗಾರಿನಿಂದ ಅರಂತೋಡಿನವರೆಗೆ ನಾನು ಖುದ್ದಾಗಿ ನಡೆದು ಒಂದೊಂದು ಹೆಸರನ್ನೂ ಪರಿಶೀಲಿಸಿದೆ. ಗರ್ಭಕೋಶ ತೆಗೆಸಿಕೊಂಡವರು, ಮಕ್ಕಳಾಗುವ ಸಾಧ್ಯತೆಯೇ ಇಲ್ಲದವರು ಅದರಲ್ಲಿರಬಾರದು ಎಂಬುದು ನನ್ನ ಕಟ್ಟುನಿಟ್ಟು. ನನ್ನ ಪುಸ್ತಕದಲ್ಲಿ ಸುಳ್ಳು ಹೆಸರಿಲ್ಲ ಎಂದು ಸಭೆಗಳಲ್ಲಿ ಹೇಳಿಕೊಳ್ಳುತ್ತಿದ್ದೆ.

ವಾರಿಜ ನನ್ನ ಪರಿಚಯಕ್ಕೆ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಗುತ್ತಿಗಾರಿನ ಸಮೀಪದ ಬಾಲವಾಡಿಯಲ್ಲಿ ಪಾಠ ಹೇಳುತ್ತಿದ್ದ ಹತ್ತೊಂಬತ್ತರ ಹುಡುಗಿ. ತಂದೆ ಇರಲಿಲ್ಲ. ಮನೆಯಲ್ಲಿ ತಾಯಿ ಮತ್ತು ಅಣ್ಣ ಕುಶಾಲಪ್ಪ. ಅವಳ ತೋಳಿನಲ್ಲಿ ಕಾರಣವಿಲ್ಲದೆ ನೀಲಿ ಕಲೆಗಳು ಕಾಣಿಸಿದವು, ಒಸಡಿನಲ್ಲಿ ರಕ್ತ ಬಂತು, ತಿಂಗಳ ಸ್ರಾವ ವಾರಗಟ್ಟಲೆ ನಿಲ್ಲಲಿಲ್ಲ. ಎಲುಬಿನೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನೇ ಬಿಟ್ಟಿದೆ ಎಂದು ಮಂಗಳೂರಿನಲ್ಲಿ ಹೇಳಿದರು. ನೆರೆ ರಾಜ್ಯದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಗಷ್ಟೇ ಆರಂಭವಾಗಿದ್ದ ಚಿಕಿತ್ಸೆಯ ವಿಷಯವನ್ನು ಪತ್ರಿಕೆಯಲ್ಲಿ ಓದಿ ಅವರಿಗೆ ತಿಳಿಸಿದವನು, ಅಲ್ಲಿಗೆ ಪತ್ರ ಬರೆದು ಉತ್ತರ ತರಿಸಿದವನು ನಾನು. ಕುಶಾಲಪ್ಪನ ಮಜ್ಜೆ ಹೊಂದಿತು. ಅವನ ಸೊಂಟದ ಎಲುಬಿನಿಂದ ಅದನ್ನು ತೆಗೆದು, ಅವಳಿಗೆ ರಕ್ತ ಕೊಡುವ ಹಾಗೆಯೇ ಏರಿಸಿದರು. ನಾಲ್ಕು ತಿಂಗಳ ಮೇಲೆ ವಾರಿಜ ಸುಳ್ಯದ ಬಸ್ ನಿಲ್ದಾಣದಲ್ಲಿ ಇಳಿದಾಗ ತಲೆಯ ಮೇಲೆ ಬೆರಳುದ್ದ ಕೂದಲು ಮಾತ್ರ ಇತ್ತು, ಕೆನ್ನೆಯಲ್ಲಿ ಬಣ್ಣವಿತ್ತು.

“ನೋಡಿ ಸಾರ್,” ಎಂದ ಕುಶಾಲಪ್ಪ, “ಇನ್ನು ಇವಳು ನನಗೆ ಬೈಯುದು ನನ್ನದೇ ರಕ್ತದಲ್ಲಿ.”

ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಒಂದು ಪತ್ರ ಕೊಟ್ಟಿದ್ದರು. ಅಣ್ಣ ತಂಗಿ ಅದನ್ನು ನನ್ನ ಬಳಿ ತಂದರು. ಆ ಪತ್ರವನ್ನು ಸುಳ್ಯದ ನಮ್ಮ ವೈದ್ಯಾಧಿಕಾರಿ ಡಾಕ್ಟರ್ ವತ್ಸಲಾ ಅವರಿಗೆ ತೋರಿಸಬೇಕಿತ್ತು. ಓದಿ ತಿಳಿಸಲು ನಾನೇ ಸಾಕೆಂದುಕೊಂಡೆ. ಪತ್ರದಲ್ಲಿದ್ದದ್ದು ಇದು: ಹಳೆಯ ಮಜ್ಜೆಯನ್ನು ಅಳಿಸಲು ತೀವ್ರವಾದ ಔಷಧ ಕೊಟ್ಟಿದ್ದೇವೆ, ವಿಕಿರಣ ಕೊಟ್ಟಿಲ್ಲ. ಆ ಔಷಧದಿಂದ ಅಂಡಾಶಯಕ್ಕೆ ಪೆಟ್ಟಾಗಿರಬಹುದು. ಮುಟ್ಟು ಮರಳುವುದೋ ಇಲ್ಲವೋ, ಮುಂದೆ ಮಕ್ಕಳಾಗುವುದೋ ಇಲ್ಲವೋ ಎಂಬುದನ್ನು ಈಗ ಹೇಳಲಾಗದು. ದಯವಿಟ್ಟು ಆರು ತಿಂಗಳಿಗೊಮ್ಮೆ ವಿಚಾರಿಸಿ ತಿಳಿಸಿ ಎಂಬುದು ಅದರ ಸಾರ. ನಾನು ಅದನ್ನು ಎರಡು ಸಲ ಓದಿದೆ. ಆಗ ಅವಳಿಗೆ ಮುಟ್ಟು ನಿಂತು ಕೆಲವು ತಿಂಗಳಾಗಿತ್ತು. ಹಳ್ಳಿಯ ಮನೆಗೆ ‘ಹೇಳಲಾಗದು’ ಎಂದು ತಿಳಿಸುವುದು ಜವಾಬ್ದಾರಿ ತಪ್ಪಿಸಿಕೊಂಡಂತೆ ಎಂದು ನನಗೆ ತೋರಿತು. ಸುಳ್ಳು ಆಸೆ ಹುಟ್ಟಿಸುವುದಕ್ಕಿಂತ ಕಹಿಯಾದರೂ ಖಚಿತವಾದ ಮಾತು ಲೇಸು.

“ಜೀವ ಉಳಿಯಿತು, ಅದೇ ದೊಡ್ಡದು,” ಎಂದೆ. “ಮಕ್ಕಳು ಮಾತ್ರ ಆಗುವುದಿಲ್ಲ.”

ವಾರಿಜ ಪತ್ರವನ್ನು ಮಡಚಿ ಚೀಲದಲ್ಲಿ ಇಟ್ಟಳು. “ಅಷ್ಟೂ ಉದ್ದದ ಪತ್ರದಲ್ಲಿ ಇಷ್ಟೇ ಉಂಟಾ ಸಾರ್?” ಎಂದು ಕೇಳಿದಳು. ಇಷ್ಟೇ ಎಂದೆ.

ಆರು ತಿಂಗಳಿಗೊಮ್ಮೆ ಅವಳ ರಕ್ತ ಪರೀಕ್ಷೆಯ ವಿವರವನ್ನು ಆ ಆಸ್ಪತ್ರೆಗೆ ತಪ್ಪದೆ ಬರೆದೆ. ಮುಟ್ಟಿನ ವಿಷಯ ಕೇಳಲಿಲ್ಲ. ಗಂಡಸು ನಾನು, ಕೇಳುವುದು ಹೇಗೆಂಬ ಸಂಕೋಚವಿತ್ತು. ದಾದಿಯನ್ನು ಕಳುಹಿಸಿ ಕೇಳಿಸಬಹುದಿತ್ತು. ಕೇಳಲು ಏನೂ ಇಲ್ಲವೆಂದು ನಾನು ಮೊದಲೇ ತೀರ್ಮಾನಿಸಿದ್ದರಿಂದ ಅದೂ ಹೊಳೆಯಲಿಲ್ಲ.

ಎರಡು ವರ್ಷದ ಮೇಲೆ ಗುತ್ತಿಗಾರು–ಸುಳ್ಯ ಮಾರ್ಗದಲ್ಲಿ ಜೀಪು ಓಡಿಸುತ್ತಿದ್ದ ಪದ್ಮಯ್ಯ ಅವಳನ್ನು ಮದುವೆಯಾಗುವುದಾಗಿ ಬಂದ. ಬಾಲವಾಡಿಗೆ ಅವಳು ದಿನವೂ ಹೋಗುತ್ತಿದ್ದುದು ಅವನ ಜೀಪಿನಲ್ಲೇ. ಮಕ್ಕಳ ವಿಷಯ ಈಗಲೇ ಏಕೆ ಎತ್ತಬೇಕು ಎಂಬುದು ಕುಶಾಲಪ್ಪನ ಅಭಿಪ್ರಾಯ. “ಹುಷಾರಿದ್ದಾಳಲ್ಲ ಸಾರ್, ಮತ್ತೆಂತಕ್ಕೆ ಕೆದಕುದು?” ನಾನು ಒಪ್ಪಲಿಲ್ಲ. ಮುಚ್ಚಿಟ್ಟು ಮಾಡುವ ಮದುವೆ ಮೋಸ ಎಂದು ವಾದಿಸಿದೆ. ವಾರಿಜಳೂ ನನ್ನ ಪಕ್ಷ. ಪದ್ಮಯ್ಯನ ಮನೆಯ ಅಂಗಳದಲ್ಲಿ, ಅವನ ತಾಯಿ ನೀಲಮ್ಮ ಮತ್ತು ನೆಂಟರ ಎದುರಿನಲ್ಲಿ ನಾನೇ ನಿಂತು ವಿಷಯ ತಿಳಿಸಿದೆ. ಹೆಣ್ಣಿನ ಬೆಲೆ ಅವಳು ಹೆರುವ ಮಕ್ಕಳಿಂದ ಅಳೆಯುವಂಥದ್ದಲ್ಲ ಎಂದು ಅರ್ಧ ಗಂಟೆ ಮಾತನಾಡಿದೆ. ಆ ಭಾಷಣದ ತತ್ವಕ್ಕೆ ನಾನು ಇಂದಿಗೂ ಬದ್ಧ.

“ಸಾರ್, ಸಾಕು,” ಎಂದ ಪದ್ಮಯ್ಯ. “ನಾನು ಆಗಲೇ ಒಪ್ಪಿ ಆಗಿದೆ. ನೀವು ಇನ್ನು ಯಾರನ್ನು ಒಪ್ಪಿಸುದು?”

ನೀಲಮ್ಮ ಒಪ್ಪಲಿಲ್ಲ; ಮಗ ಬಿಡಲಿಲ್ಲವೆಂದು ಮದುವೆಗೆ ಬಂದು ಕುಳಿತಳು. ಮದುವೆಯ ಮರುವಾರ ದಾದಿ ವಾರಿಜಳ ಹೆಸರನ್ನು ಅರ್ಹ ದಂಪತಿಗಳ ಪುಸ್ತಕಕ್ಕೆ ಬರೆದು ತಂದಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಅಲ್ಲಿಂದ ಮುಂದೆ ಯಾವ ದಾದಿಯೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಪದ್ಮಯ್ಯ ಅವಳನ್ನು ಜೀಪಿನಲ್ಲಿ ಸುಳ್ಯಕ್ಕೆ ಕರೆತಂದ. ಎರಡು ತಿಂಗಳಿನಿಂದ ವಾಂತಿ, ಸುಸ್ತು. ಈಗ ಹೊಟ್ಟೆ ಗಟ್ಟಿಯಾಗಿ ಉಬ್ಬಿದೆ. ಜೊತೆಗೆ ಅವಳ ತಾಯಿಯೂ ಇದ್ದಳು. ನನಗೆ ತಟ್ಟನೆ ಹೊಳೆದದ್ದು ಗಡ್ಡೆ. ಅಂಥ ಔಷಧ ತೆಗೆದುಕೊಂಡವರಿಗೆ ಮುಂದೆ ಬೇರೆ ಕಾಯಿಲೆ ಬರಬಹುದೆಂದು ಎಲ್ಲೋ ಓದಿದ್ದೆ. ತಡಮಾಡದೆ ಪುತ್ತೂರಿಗೆ ಹೋಗಿ ಹೊಟ್ಟೆಯ ಎಕ್ಸ್‌ರೇ ತೆಗೆಸಿ, ಆ ದೊಡ್ಡ ಆಸ್ಪತ್ರೆಗೇ ಹೊರಡಿ ಎಂದು ಪದ್ಮಯ್ಯನಿಗೆ ಹೇಳಿ ಜೀಪು ಹತ್ತಿಸಿದೆ. ಅಷ್ಟರಲ್ಲಿ ಡಾಕ್ಟರ್ ವತ್ಸಲಾ ಗೇಟಿನೊಳಗೆ ಬಂದರು.

“ಎಲ್ಲಿಗೆ ಕಳಿಸುದು ಇವಳನ್ನು?”

ಹೇಳಿದೆ.

“ಎಕ್ಸ್‌ರೇ? ನಾನು ಇನ್ನೂ ಸತ್ತಿಲ್ಲವಲ್ಲ ಮಾರಾಯ್ರೆ. ಇಳಿ ವಾರಿಜ, ಒಳಗೆ ಬಾ.”

ಹದಿನೈದು ನಿಮಿಷದ ಮೇಲೆ ಅವರು ಹೊರಗೆ ಬಂದರು. ಮುಖದಲ್ಲಿ ಕೋಪವೋ ನಗುವೋ ತಿಳಿಯಲಿಲ್ಲ.

“ಕೊನೆಯ ಮುಟ್ಟು ಯಾವಾಗ ಅಂತ ಕೇಳಿದ್ರಾ ನೀವು?”

“ಅವಳಿಗೆ ಮುಟ್ಟು ಇಲ್ಲ ಡಾಕ್ಟ್ರೆ.”

“ಯಾರು ಹೇಳಿದ್ದು?”

ಹೇಳಿದವನು ನಾನೇ ಎಂಬುದು ಆಗ ಹೊಳೆಯಿತು.

“ಐದು ತಿಂಗಳು,” ಎಂದರು ಡಾಕ್ಟರ್. “ಕೊಳವೆ ಇಟ್ಟರೆ ಮಗುವಿನ ಎದೆ ಬಡಿಯುದು ಕೇಳ್ತದೆ. ನೀವು ಅದಕ್ಕೆ ಎಕ್ಸ್‌ರೇ ಹೊಡೆಸ್ಲಿಕ್ಕೆ ಹೊರಟದ್ದು.”

ಆಮೇಲೆ ವಿಚಾರಿಸಿದಾಗ ತಿಳಿದದ್ದು ಇಷ್ಟು. ಊರಿಗೆ ಮರಳಿದ ಮರುವರ್ಷವೇ ವಾರಿಜಳಿಗೆ ಮುಟ್ಟು ಮತ್ತೆ ಆರಂಭವಾಗಿತ್ತು. ಅವಳು ತಾಯಿಗೆ ಮಾತ್ರ ಹೇಳಿದಳು. ತಾಯಿ ಹೆದರಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿದಳು. ಮಕ್ಕಳಾಗುವುದಿಲ್ಲವೆಂಬ ನನ್ನ ಮಾತನ್ನೇ ನಂಬಿದ್ದ ವಾರಿಜ ಗಂಡನ ಮನೆಯಲ್ಲೂ ಅದನ್ನು ಮುಚ್ಚಿಟ್ಟಿದ್ದಳು. ಆ ತಾಯಿ ಗೋಡೆಗೆ ಒರಗಿ ನಿಂತು ಹೇಳಿದ ಮಾತು ಹೀಗಿತ್ತು: “ಮೊದಲು ಹೀಗೆ ರಕ್ತ ಹೋಗಿಯೇ ಅಲ್ವಾ ಸಾರ್ ಅವಳು ಸಾಯ್ಲಿಕ್ಕೆ ಆದದ್ದು? ಪುನಃ ಸುರುವಾದಾಗ ಆ ಕಾಯಿಲೆಯೇ ಬಂತು ಅಂತ ನಾನು ತಿಳಿದದ್ದು. ಮೊನ್ನೆ ನಿಂತದ್ದು ಕೇಳಿ, ದೇವರು ಕಣ್ಣು ಬಿಟ್ಟ ಅಂತ ಹೂವಿನ ಪೂಜೆ ಬೇರೆ ಮಾಡಿಸಿದೆ.”

ಆರೋಗ್ಯ ಮರಳಿದ ಗುರುತನ್ನು ಕಾಯಿಲೆಯೆಂದೂ, ಬಸುರನ್ನು ಗುಣವೆಂದೂ ಅವಳು ತಿಳಿದಿದ್ದಳು. ಅವಳ ತಪ್ಪಿಗೆ ಕಾರಣವಿತ್ತು. ತಿದ್ದಬೇಕಾದವನು ನಾನಾಗಿದ್ದೆ, ಮತ್ತು ನಾನು ಕೆಂಪು ಗೆರೆ ಎಳೆದು ಕುಳಿತಿದ್ದೆ.

ವಿಷಯ ಇಲ್ಲಿಗೆ ಮುಗಿದಿದ್ದರೆ ನನ್ನ ಮುಜುಗರದ ಕಥೆಯಾಗಿ ಉಳಿಯುತ್ತಿತ್ತು. ಎರಡು ದಿನ ಬಿಟ್ಟು ಪದ್ಮಯ್ಯ ಒಬ್ಬನೇ ಬಂದ. ಜೀಪಿನ ಇಂಜಿನು ನಿಲ್ಲಿಸದೆ ಇಳಿದ.

“ಸಾರ್, ನೀವು ಈಗಲೇ ಬರಬೇಕು. ಅಮ್ಮ ವಾರಿಜಳನ್ನು ಅಡಿಗೆ ಕೋಣೆಗೆ ಸೇರಿಸುದಿಲ್ಲ. ಮಕ್ಕಳಾಗುದಿಲ್ಲ ಅಂತ ಓದಿದವರು ಹೇಳಿದ್ದಾರೆ, ಹಾಗಾದ್ರೆ ಇದು ಯಾರದ್ದು ಅಂತ ಕೇಳ್ತಾರೆ. ನೆರೆಕರೆಗೆ ಕೇಳುವ ಹಾಗೆ ಕೇಳ್ತಾರೆ.”

“ನೀನು ಏನೆಂದೆ?”

“ನನಗೆ ಅನುಮಾನ ಇಲ್ಲ. ಆದ್ರೆ ನನ್ನ ಮಾತು ಅಲ್ಲಿ ನಡೆಯುದಿಲ್ಲ, ನಿಮ್ಮದು ನಡೆದದ್ದು. ಈ ಗಂಟು ಹಾಕಿದ್ದು ನೀವು, ನೀವೇ ಬಂದು ತೆಗೀಬೇಕು.”

ಡಾಕ್ಟರ್ ವತ್ಸಲಾ ಅವರನ್ನೂ ಕರೆದೆ. ಅವರು ಕುರ್ಚಿಯಿಂದ ಏಳಲಿಲ್ಲ. “ಯಾವ ಪ್ರಶ್ನೆ ಬಂದರೆ ಎಂತ ಹೇಳಬೇಕು ಅಂತ ಕೇಳಿ, ಹೇಳಿಕೊಡ್ತೇನೆ. ಆದ್ರೆ ನಾನು ಬರುದಿಲ್ಲ. ಬಂದ್ರೆ ನೀವು ನನ್ನ ಹಿಂದೆ ನಿಲ್ತೀರಿ.”

ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ವಾದ ಜೋಡಿಸಿದೆ: ವೈದ್ಯಶಾಸ್ತ್ರ ದಿನದಿನಕ್ಕೂ ಬೆಳೆಯುತ್ತದೆ, ಅಂದಿನ ತಿಳಿವಳಿಕೆ ಅಂದಿಗೆ ಸರಿ, ಇತ್ಯಾದಿ. ಅಂಗಳಕ್ಕೆ ಕಾಲಿಟ್ಟಾಗ ವಾರಿಜ ಜಗಲಿಯ ತುದಿಯಲ್ಲಿ ಬಟ್ಟೆಯ ಚೀಲ ಕಟ್ಟಿಕೊಂಡು ಕುಳಿತಿದ್ದಳು. ತಂಗಿಯನ್ನು ಕರೆದೊಯ್ಯಲು ಬಂದಿದ್ದ ಕುಶಾಲಪ್ಪ ಅಂಗಳದಲ್ಲಿ ನಿಂತಿದ್ದ. ಮನೆಯ ಬಾಗಿಲಿನಲ್ಲಿ ನೀಲಮ್ಮ. ಬೇಲಿಯ ಆಚೆ ನೆರೆಯವರು ಏನೋ ಕೆಲಸವಿರುವವರಂತೆ ನಿಂತಿದ್ದರು.

“ವೈದ್ಯಶಾಸ್ತ್ರವೆಂಬುದು,” ಎಂದು ಆರಂಭಿಸಿದೆ.

“ಶಾಸ್ತ್ರ ಬೇಡ,” ಎಂದಳು ನೀಲಮ್ಮ. “ಆಗುದಿಲ್ಲ ಅಂತ ಈ ಅಂಗಳದಲ್ಲಿ ನಿಂತು ಹೇಳಿದ್ದು ನೀವೇ ಹೌದಾ ಅಲ್ವಾ?”

“ಹೌದು.”

“ಆ ಪತ್ರದಲ್ಲಿ ಹಾಗೆ ಉಂಟಾ?”

ವಾರಿಜ ತಲೆಯೆತ್ತಿ ನನ್ನನ್ನು ನೋಡಿದಳು. ವಾದದಲ್ಲಿ ಇಂಥ ಪ್ರಶ್ನೆಯನ್ನು ಸುತ್ತಿಬಳಸಿ ದಾಟುವ ಹತ್ತು ಉಪಾಯಗಳನ್ನು ನಾನು ಬಲ್ಲೆ. ಒಂದನ್ನೂ ಬಳಸಲಿಲ್ಲವೆಂಬುದು ನನ್ನ ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ಹೆಮ್ಮೆಪಡುವ ಕೆಲವೇ ಸಂಗತಿಗಳಲ್ಲಿ ಒಂದು.

“ಇಲ್ಲ. ಈಗ ಹೇಳಲಿಕ್ಕೆ ಆಗುವುದಿಲ್ಲ, ಆಗಾಗ ವಿಚಾರಿಸಿ ಎಂದು ಇತ್ತು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ಹೇಳಿದೆ. ತಪ್ಪು ನನ್ನದು, ಅವಳದ್ದಲ್ಲ.”

ಬೇಲಿಯಾಚೆಗೂ ಕೇಳಲಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ಆಮೇಲೆ ನೀಲಮ್ಮನ ಮನಸ್ಸಿನಲ್ಲಿ ಬೇರೂರಿದ್ದ ಇನ್ನೊಂದು ಸಂಶಯ ಹೊರಗೆ ಬಂತು. “ಇವಳ ರಕ್ತ ಪೂರಾ ಅಣ್ಣನದ್ದು ಅಂತ ಅವನೇ ಹೇಳಿಕೊಂಡು ತಿರುಗುದು. ಹಾಗಾದ್ರೆ ಹುಟ್ಟುವ ಮಗುವಿನಲ್ಲಿ ಇವಳದ್ದು ಎಂತ ಉಂಟು?”

ಈ ಪ್ರಶ್ನೆ ಬರುತ್ತದೆಂದು ಡಾಕ್ಟರ್ ವತ್ಸಲಾ ಎಚ್ಚರಿಸಿದ್ದರು. ಮಜ್ಜೆ ರಕ್ತವನ್ನು ಮಾತ್ರ ಮಾಡುತ್ತದೆ. ಮಗು ಮೂಡುವ ಅಂಡ ವಾರಿಜ ಹುಟ್ಟುವಾಗಲೇ ಅವಳ ಹೊಟ್ಟೆಯಲ್ಲಿದ್ದದ್ದು, ಅದಕ್ಕೂ ಅಣ್ಣನ ಮಜ್ಜೆಗೂ ಸಂಬಂಧವಿಲ್ಲ. ಮಗು ವಾರಿಜಳದ್ದು ಮತ್ತು ಪದ್ಮಯ್ಯನದ್ದು ಎಂದೆ.

“ಇದು ಗೊತ್ತಿದ್ದು ಹೇಳುದಾ, ಮೊದಲಿನ ಹಾಗೆಯಾ?”

“ಇದು ಗೊತ್ತಿದ್ದು.”

“ನನಗೂ ಅದರಲ್ಲಿ ಪಾಲು ಬೇಡ ಅತ್ತೆ,” ಎಂದ ಕುಶಾಲಪ್ಪ. “ಸೊಂಟದ ನೋವು ಇನ್ನೂ ಹೋಗ್ಲಿಲ್ಲ.”

ಬೇಲಿಯಾಚೆ ಯಾರೋ ನಕ್ಕರು. ವಾರಿಜ ನಗಲಿಲ್ಲ. “ನನಗೆ ಸಾರ್ ಹೇಳಿದ್ದು ಸಾಕಾಗುದಿಲ್ಲ ಅತ್ತೆ,” ಎಂದಳು. “ನೀವು ಕರೆದ್ರೆ ಮಾತ್ರ ನಾನು ಒಳಗೆ ಬರುದು. ಇಲ್ಲದಿದ್ರೆ ಅಣ್ಣನ ಒಟ್ಟಿಗೆ ಹೋಗುದು.”

ನೀಲಮ್ಮ ಬಾಗಿಲಿನಿಂದ ಇಳಿದು ಬಂದಳು. ಸೊಸೆಯ ಪಕ್ಕದಲ್ಲಿದ್ದ ಚೀಲವನ್ನು ತಾನೇ ಎತ್ತಿಕೊಂಡಳು. “ಬಾ. ಐದು ತಿಂಗಳ ಬಸುರಿ ಹೀಗೆ ತಣ್ಣನೆ ಸಿಮೆಂಟಿನ ಮೇಲೆ ಕೂರುದಾ?” ಎಂದು ಗದರಿ, ನನ್ನತ್ತ ತಿರುಗಿಯೂ ನೋಡದೆ ಒಳಗೆ ನಡೆದಳು. ವಾರಿಜ ಎದ್ದು ಹಿಂದೆ ಹೋದಳು.

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ನನ್ನ ಊಹೆಯ ಮೇಲೆ ಯಾವ ಹೆಸರನ್ನೂ ಪುಸ್ತಕದಿಂದ ಹೊಡೆಯಲಿಲ್ಲ. ಹೆಂಗಸರನ್ನು ಕೇಳಬೇಕಾದದ್ದನ್ನು ಹೆಂಗಸರೇ ಕೇಳುವ ಏರ್ಪಾಡು ಮಾಡಿದೆ. ಆಸ್ಪತ್ರೆಯ ಪತ್ರಗಳ ಸಾರಾಂಶ ಹೇಳುವ ಬದಲು ಅವನ್ನು ಸಾಲು ಸಾಲಾಗಿ ಓದಿ ತಿಳಿಸತೊಡಗಿದೆ. ‘ತಿಳಿಯದು’ ಎಂದಿದ್ದರೆ ತಿಳಿಯದು ಎಂದೇ ಓದಿದೆ. ಆ ದೊಡ್ಡ ಆಸ್ಪತ್ರೆಗೆ ಎಲ್ಲವನ್ನೂ ಬರೆದು ತಿಳಿಸಿದಾಗ, ಎಳೆಯ ವಯಸ್ಸಿನಲ್ಲಿ ವಿಕಿರಣವಿಲ್ಲದೆ ಔಷಧ ಮಾತ್ರ ಪಡೆದವರಲ್ಲಿ ಹೀಗೆ ಮುಟ್ಟು ಮರಳುವುದುಂಟು, ವಿಕಿರಣ ಪಡೆದವರಿಗೆ ಆ ಭರವಸೆ ಕಡಿಮೆ ಎಂದು ಅಲ್ಲಿನ ವೈದ್ಯರು ಉತ್ತರಿಸಿದರು. ಮಗು ಹುಟ್ಟಿದ ಕೂಡಲೇ ತಿಳಿಸಿ ಎಂದು ಬರೆದು ಅದರ ಕೆಳಗೆ ಗೆರೆ ಎಳೆದಿದ್ದರು. ಈಗ ಇಂಥ ಚಿಕಿತ್ಸೆಗೆ ಮೊದಲೇ ಅಂಡವನ್ನೋ ವೀರ್ಯವನ್ನೋ ತೆಗೆದಿರಿಸುವ ಸೌಲಭ್ಯ ಬಂದಿದೆ. ನಿಮ್ಮ ಊರಿನಿಂದ ಎಳೆಯ ರೋಗಿಯೊಬ್ಬರು ಹೊರಟರೆ, ಹೊರಡುವ ಮೊದಲೇ ಆ ಪ್ರಶ್ನೆಯನ್ನು ಕೇಳಲು ಅವರಿಗೆ ಹೇಳಿಕೊಡಿ. ಮಕ್ಕಳ ಮಾತು ಜೀವ ಉಳಿದ ಮೇಲೆ ನೋಡೋಣ ಎನ್ನುವವರು ಇರುತ್ತಾರೆ, ನಾನೂ ಒಬ್ಬನಾಗಿದ್ದೆ. ಆಗ ತಡವಾಗಿರುತ್ತದೆ.

ಹೆರಿಗೆ ಪುತ್ತೂರಿನಲ್ಲಿ ಆಯಿತು. ಡಾಕ್ಟರ್ ವತ್ಸಲಾ ತಿಂಗಳಿಗೊಮ್ಮೆ ಅವಳ ರಕ್ತ ಪರೀಕ್ಷೆ ಮಾಡಿಸಿದ್ದರು. ಹೆರಿಗೆಯ ದಿನ ಅಗತ್ಯ ಬಿದ್ದರೆ ರಕ್ತ ಕೊಡಲು ಕುಶಾಲಪ್ಪನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಅಗತ್ಯ ಬೀಳಲಿಲ್ಲ. ಅವನ ಮುಖದಲ್ಲಿ ಸಮಾಧಾನದ ಜೊತೆಗೆ ಸ್ವಲ್ಪ ನಿರಾಸೆಯನ್ನೂ ಕಂಡೆ. ಸಂಜೆ ಐದರ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಪದ್ಮಯ್ಯ ಎದ್ದು ನಿಂತವನು ಯಾವ ಕಡೆ ಹೋಗಬೇಕೆಂದು ತಿಳಿಯದೆ ಅಲ್ಲೇ ಮತ್ತೆ ಕುಳಿತ. ಸ್ವಲ್ಪ ಹೊತ್ತಿನಲ್ಲಿ ನೀಲಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಹೆಣ್ಣು ಮಗುವನ್ನು ಎತ್ತಿಕೊಂಡು ಬಂದಳು. ಮಗನಿಗೆ ತೋರಿಸಿದಳು, ಕುಶಾಲಪ್ಪನಿಗೆ ತೋರಿಸಿದಳು. ಆಮೇಲೆ ನೇರವಾಗಿ ನನ್ನ ಬಳಿ ಬಂದು ನಿಂತಳು.

“ನೋಡಿ ಸಾರ್, ನಿಮ್ಮ ‘ಆಗುದಿಲ್ಲ.’ ಆಗಲೇ ಹಸಿವು ಅಂತ ಕೂಗ್ತಾ ಉಂಟು.”

ಅಂಥ ಸಂದರ್ಭಕ್ಕೆ ತಕ್ಕ ಎರಡು ಮಾತು ಆಡಬೇಕೆಂದು ನಾನು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಅವಳು ಮಗುವನ್ನು ನನ್ನ ಕೈಗಳ ಮೇಲೆ ಇಟ್ಟಾಗಿತ್ತು.

“ತಲೆ ಸರಿ ಹಿಡೀರಿ ಮಾರಾಯ್ರೆ,” ಎಂದಳು. “ಭಾಷಣ ಮತ್ತೆ ಮಾಡಿ.”